ಕುತ್ತಿಗೆ, ಟೊಂಕ ನೋವಿಗೆ ಮೊಬೈಲ್ ಆ್ಯಪ್: ದುಡ್ಡು ಕೊಟ್ಟು ತಗೊಳ್ಳಬಹುದಾ?

ಗದಗ ಡಿಟಿಪಿ

ಎಲ್ಲರಿಗೂ ನಮಸ್ಕಾರ. ನಾನು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರ್ ಮುಂದೆ ಕೂತರೆ ಸಂಜೆ ಏಳರವರೆಗೂ ಅದೇ ನುಡಿ ತಂತ್ರಾಂಶ, ಅದೇ ಪೇಜ್‌ಮೇಕರ್, ಅದೇ ಪ್ರೂಫ್. ಲಗ್ನದ ಸೀಸನ್ ಬಂತೆಂದರೆ ಊಟದ ಡಬ್ಬಿಯೂ ಕೀಬೋರ್ಡ್ ಪಕ್ಕದಲ್ಲೇ. ವಯಸ್ಸು ನಲವತ್ತು ದಾಟಿದೆ.

ನೋವು ಎರಡು ಕಡೆ. ಕುತ್ತಿಗೆಯ ಎಡಭಾಗದಿಂದ ಹಿಡಿದು ಹೆಗಲ ಎಲುಬಿನ ಒಳಮಗ್ಗುಲವರೆಗೆ ಒಂದು ಎಳೆತ. ಮಧ್ಯಾಹ್ನದ ಹೊತ್ತಿಗೆ ಶುರುವಾಗುತ್ತದೆ, ಸಂಜೆಗೆ ತಲೆ ತಿರುಗಿಸಿ ಹಿಂದೆ ನೋಡಬೇಕೆಂದರೆ ಇಡೀ ಮೈ ತಿರುಗಿಸಬೇಕು. ಇನ್ನೊಂದು ಟೊಂಕ. ಕೂತಿರುವಾಗ ಅಷ್ಟು ಗೊತ್ತಾಗುವುದಿಲ್ಲ, ಏಳುವಾಗ ಮಾತ್ರ ಟೇಬಲ್ ಹಿಡಿದುಕೊಂಡೇ ಏಳಬೇಕು. ಡಾಕ್ಟರ್ ಎಕ್ಸ್‌ರೇ ತೆಗೆಸಿದರು. ಕುತ್ತಿಗೆಯಲ್ಲಿ ಸ್ಪಾಂಡಿಲೋಸಿಸ್, ಅಂದರೆ ಬೆನ್ನುಮೂಳೆಯ ಸವೆತ, ಶುರುವಾಗಿದೆ ಅಂದರು. ಮಾತ್ರೆ, ಹಚ್ಚಿಕೊಳ್ಳಲು ಜೆಲ್, ಟೊಂಕಕ್ಕೆ ಬೆಲ್ಟ್ ಕೊಟ್ಟರು. ವ್ಯಾಯಾಮ ಮಾಡಿ ಅಂತಲೂ ಹೇಳಿದರು. ಯಾವ ವ್ಯಾಯಾಮ ಎಂದು ಕೇಳುವಷ್ಟರಲ್ಲಿ ಮುಂದಿನವರ ಹೆಸರು ಕೂಗಿಯಾಗಿತ್ತು.

ನನ್ನ ಅಕ್ಕನ ಮಗ ಧಾರವಾಡದಲ್ಲಿ ಓದುತ್ತಾನೆ. ಅವನು ಹೋದ ತಿಂಗಳು ಬಂದಾಗ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ಏಳು ದಿನ ಫ್ರೀ, ಆಮೇಲೆ ವರ್ಷದ ಚಂದಾ. ಫೋನನ್ನು ಗೋಡೆಗೆ ಒರಗಿಸಿಟ್ಟು ಎದುರು ನಿಂತರೆ ಕ್ಯಾಮೆರಾದಲ್ಲಿ ನಮ್ಮನ್ನು ನೋಡಿ ಸರಿ-ತಪ್ಪು ಹೇಳುತ್ತದೆ. ಮೈಮೇಲೆ ಚುಕ್ಕಿ ಇಟ್ಟು ಗೆರೆ ಎಳೆದು ತೋರಿಸುತ್ತದೆ. ನೋಡಲಿಕ್ಕೆ ಮಜಾ ಇದೆ. ಆದರೆ ನಾನು ಮನೆಯಲ್ಲಿ ಹಾಕುವುದು ನೈಟಿ. ಮಂಡಿ ಬಗ್ಗಿಸಿ ಎಂದಿತು, ಬಗ್ಗಿಸಿದೆ. ಇನ್ನೂ ಬಗ್ಗಿಸಿ ಎಂದಿತು. ನೈಟಿಯೊಳಗೆ ಮಂಡಿ ಎಷ್ಟು ಬಗ್ಗಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಆಮೇಲೆ ಚೂಡಿದಾರ್ ಹಾಕಿಕೊಂಡು ಮಾಡಿದೆ. ಆಗ "ಗ್ರೇಟ್ ಜಾಬ್" ಅಂದಿತು. ಮಾತೆಲ್ಲ ಇಂಗ್ಲಿಷಿನಲ್ಲೇ. ಅರ್ಥ ಆಗುತ್ತದೆ, ಆದರೆ ನೆಲದ ಮೇಲೆ ನಾಲ್ಕೂ ಕಾಲೂರಿ ನಿಂತಾಗ ಅದು ಎಡ ಅಂದಿತೋ ಬಲ ಅಂದಿತೋ ಎಂದು ತಲೆ ಎತ್ತಿ ಫೋನ್ ನೋಡಬೇಕು. ಕುತ್ತಿಗೆ ನೋವಿನವರಿಗೆ ಅದೇ ಒಂದು ಶಿಕ್ಷೆ.

ಇನ್ನೊಂದು ಕಿರಿಕಿರಿ. ದಿನಾ ರಾತ್ರಿ "ಇವತ್ತು ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು?" ಎಂದು ಕೇಳುತ್ತದೆ. ನಾನು ಮರೆತು ಟಿವಿ ನೋಡುತ್ತಾ ಕೂತಿರುತ್ತೇನೆ, ಆ ಪ್ರಶ್ನೆ ಬಂದ ಕೂಡಲೇ ಕುತ್ತಿಗೆ ನೆನಪಾಗುತ್ತದೆ.

ಹಾಗಂತ ಲಾಭ ಇಲ್ಲವೆಂದಲ್ಲ. ಆ ಏಳು ದಿನ ತಪ್ಪದೆ ಮಾಡಿದೆ, ಏಳುವಾಗ ಸ್ವಲ್ಪ ಹಗುರ ಅನಿಸಿತು. ಅದಕ್ಕೇ ಕೇಳುತ್ತಿದ್ದೇನೆ. ಇಂಥದ್ದಕ್ಕೆ ದುಡ್ಡು ಹಾಕಬಹುದಾ? ಆ ಕ್ಯಾಮೆರಾ ನಿಜವಾಗಿ ಏನಾದರೂ ಕಾಣುತ್ತದಾ? ಕನ್ನಡದಲ್ಲಿ ಮಾತಾಡುವುದು ಯಾವುದಾದರೂ ಇದೆಯಾ? ಮತ್ತೆ, ಫೋನ್ ಬಗ್ಗಿಸಿ ಹಿಡಿದರೆ ಗುರ್ರ್ ಎಂದು ಎಚ್ಚರಿಸುವ ಆ್ಯಪ್ ಇದೆಯಂತೆ, ಅದನ್ನು ಯಾರಾದರೂ ಬಳಸಿದ್ದೀರಾ? ಅನುಭವ ಇದ್ದವರು ಹೇಳಿ. ಎಣ್ಣೆ, ಲೇಪದ ಜಾಹೀರಾತು ದಯವಿಟ್ಟು ಬೇಡ.

ಮೈಸೂರು ಮಲ್ಲಿಗೆ ಬಳ್ಳಿ

ಆ್ಯಪ್ ಎಲ್ಲ ಸುಮ್ನೆ ಮೇಡಂ. ದುಡ್ಡು ಉಳಿಸಿ. ಬೆಳಿಗ್ಗೆ ಎದ್ದು ಹನ್ನೆರಡು ಸೂರ್ಯನಮಸ್ಕಾರ ಹಾಕಿ. ನಮ್ಮ ಅತ್ತೆಗೆ ಎಪ್ಪತ್ತು, ಇವತ್ತಿಗೂ ಬಗ್ಗಿ ರಂಗೋಲಿ ಹಾಕುತ್ತಾರೆ. ಅವರ ಹತ್ತಿರ ಇರುವುದು ಬಟನ್ ಫೋನು.

ಹುಬ್ಬಳ್ಳಿ ಫಿಸಿಯೊ

ಅಕ್ಕ, ಮೊದಲು ನನ್ನದೊಂದಿಷ್ಟು ಪ್ರಶ್ನೆ. ಕೈಯಲ್ಲಿ ಜೋಮು ಹಿಡಿಯುತ್ತದೆಯೇ? ಕೈಯಿಂದ ಲೋಟ, ಪೆನ್ನು ಜಾರುತ್ತದೆಯೇ? ನಡೆಯುವಾಗ ಕಾಲು ತಡವರಿಸುತ್ತದೆಯೇ? ಮೂತ್ರ ಕಟ್ಟುವುದು, ತಡೆಯಲಾಗದಿರುವುದು, ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿರುವುದು ಇದೆಯೇ? ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದು, ಬಿದ್ದು ಪೆಟ್ಟಾಗಿದ್ದು? ಇದರಲ್ಲಿ ಒಂದಕ್ಕೆ ಹೌದು ಎಂದರೂ ಆ್ಯಪ್ ವಿಷಯ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ. ಮೂತ್ರದ ತೊಂದರೆ, ಕೂರುವ ಜಾಗ ಮರಗಟ್ಟುವುದು ಇದ್ದರೆ ಅದೇ ದಿನ ಹೋಗಬೇಕು, ನಾಳೆ ಅನ್ನುವಂತಿಲ್ಲ.

ಇದನ್ನು ಯಾಕೆ ಮೊದಲೇ ಕೇಳಿದೆ ಅಂದರೆ, ಆ್ಯಪ್ ಒಳ್ಳೆಯದೋ ಅಲ್ಲವೋ ನೋಡಲು ನಾನು ಬಳಸುವ ಪರೀಕ್ಷೆಯೂ ಇದೇ. ಹಾಕಿದ ಕೂಡಲೇ ಅದು ಈ ಪ್ರಶ್ನೆ ಕೇಳಿತೇ? ಸುಮ್ನೆ ಒಂದಕ್ಕೆ "ಹೌದು" ಒತ್ತಿ ನೋಡಿ. ನಿಲ್ಲಿಸಿ, ಡಾಕ್ಟರನ್ನು ನೋಡಿ ಎಂದರೆ ಅದನ್ನು ಮಾಡಿದವರಲ್ಲಿ ತಿಳಿದವರೊಬ್ಬರು ಇದ್ದಾರೆ ಎಂದರ್ಥ. ಏನೂ ಕೇಳದೆ ನೇರ ವ್ಯಾಯಾಮಕ್ಕೆ ಇಳಿಸಿದರೆ, ಅಥವಾ ಹೌದು ಎಂದ ಮೇಲೂ ಮುಂದಕ್ಕೆ ಬಿಟ್ಟರೆ, ತೆಗೆದುಹಾಕಿ.

ಎಕ್ಸ್‌ರೇ ವಿಷಯ. ಸ್ಪಾಂಡಿಲೋಸಿಸ್ ಎಂಬ ಹೆಸರು ಕೇಳಿ ಜನ ಅರ್ಧ ಕುಗ್ಗುತ್ತಾರೆ. ನೋವೇ ಇಲ್ಲದವರ ಬೆನ್ನುಮೂಳೆ ಸ್ಕ್ಯಾನ್‌ಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು 2015ರಲ್ಲಿ ಬಂತು. ಮೂರು ಸಾವಿರಕ್ಕೂ ಹೆಚ್ಚು ಜನರದ್ದು. 20ರ ವಯಸ್ಸಿನವರಲ್ಲೇ 37% ಜನರ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಸವೆದಿತ್ತು. 40ಕ್ಕೆ 68%, 80ಕ್ಕೆ 96%. ಮತ್ತೆ ಹೇಳುತ್ತೇನೆ, ಇವರಿಗೆ ಯಾರಿಗೂ ನೋವಿರಲಿಲ್ಲ. ಕೂದಲು ನೆರೆತ ಹಾಗೆ ಅದು. ಸವೆತ ಕಂಡಿತು ಎಂದ ಮಾತ್ರಕ್ಕೆ ನಿಮ್ಮ ನೋವಿಗೆ ಅದೇ ಕಾರಣ ಅಂತಲ್ಲ.

ಈಗ ಕ್ಯಾಮೆರಾ. ಫೋನು ನಿಮ್ಮ ಚಿತ್ರದಲ್ಲಿ ಕೀಲುಗಳನ್ನು ಹುಡುಕಿ ಚುಕ್ಕಿ ಇಡುತ್ತದೆ. ಇಂಥ ಆ್ಯಪ್‌ಗಳಲ್ಲಿ ಬಳಕೆಯಲ್ಲಿರುವ ಗೂಗಲ್‌ನ ಒಂದು ತಂತ್ರಾಂಶ 33 ಚುಕ್ಕಿ ಇಡುತ್ತದೆ. ಮುಖ, ಭುಜ, ಮೊಣಕೈ, ಮಣಿಕಟ್ಟು, ಬೆರಳು, ಸೊಂಟ, ಮಂಡಿ, ಕಾಲು. ಬೆನ್ನುಮೂಳೆಗೆ ಎಷ್ಟು ಗೊತ್ತೇ? ಒಂದೂ ಇಲ್ಲ. ಭುಜದಿಂದ ಸೊಂಟಕ್ಕೆ ಒಂದು ನೇರ ಗೆರೆ ಎಳೆದು ಬಿಡುತ್ತದೆ. ನಡುವೆ ಬೆನ್ನು ಬಿಲ್ಲಾಗಿದೆಯೋ ಹಲಗೆಯಾಗಿದೆಯೋ ಅದಕ್ಕೆ ಕಾಣುವುದಿಲ್ಲ. ನೈಟಿ, ಸೀರೆ ನೆರಿಗೆಯಲ್ಲಿ ಮಂಡಿಯನ್ನೂ ಅಂದಾಜಿನಲ್ಲೇ ಇಡುತ್ತದೆ. ಹಾಗಾಗಿ ಎಷ್ಟು ಸಲ ಮಾಡಿದಿರಿ ಎಂದು ಎಣಿಸಲು, ಕೈಕಾಲು ಎಷ್ಟು ಎತ್ತಿದಿರಿ ಎಂದು ನೋಡಲು ಕ್ಯಾಮೆರಾ ಸರಿ. ಅದು "ಗ್ರೇಟ್ ಜಾಬ್" ಅಂದಿತು ಎಂದು ಬೆನ್ನಿಗೆ ಸರ್ಟಿಫಿಕೇಟ್ ಸಿಕ್ಕ ಹಾಗಲ್ಲ.

ಗುರ್ರ್ ಎನ್ನುವ ಆ್ಯಪ್ ಅಳೆಯುವುದು ಫೋನಿನ ಓರೆಯನ್ನು, ನಿಮ್ಮ ಕುತ್ತಿಗೆಯನ್ನಲ್ಲ. ಮಲಗಿಕೊಂಡು ಫೋನ್ ಮೇಲೆತ್ತಿ ಹಿಡಿದರೆ ಅದರ ಲೆಕ್ಕವೇ ತಪ್ಪುತ್ತದೆ. 2014ರಲ್ಲಿ ಒಬ್ಬ ಅಮೆರಿಕನ್ ಸರ್ಜನ್, ತಲೆಯನ್ನು 60 ಡಿಗ್ರಿ ಬಗ್ಗಿಸಿದರೆ ಕುತ್ತಿಗೆ ಮೇಲೆ 27 ಕಿಲೋ ಭಾರ ಬೀಳುತ್ತದೆ ಎಂದು ಲೆಕ್ಕ ಹಾಕಿದ್ದರು. ವಾಟ್ಸಾಪ್‌ನಲ್ಲಿ ಆ ಚಿತ್ರ ನೋಡದವರಿಲ್ಲ. ಅದು ಕಂಪ್ಯೂಟರ್ ಮಾದರಿಯಲ್ಲಿ ಹಾಕಿದ ಲೆಕ್ಕ, ರೋಗಿಗಳನ್ನು ನೋಡಿ ಬರೆದದ್ದಲ್ಲ. 2018ರಲ್ಲಿ ಬ್ರೆಜಿಲ್‌ನಲ್ಲಿ 150 ಹುಡುಗ ಹುಡುಗಿಯರು ಫೋನ್ ಹಿಡಿಯುವ ಭಂಗಿ ನೋಡಿದಾಗ, ತಲೆ ಬಗ್ಗಿಸುವುದಕ್ಕೂ ಕುತ್ತಿಗೆ ನೋವಿಗೂ ಸಂಬಂಧ ಸಿಗಲಿಲ್ಲ. ಬಗ್ಗುವುದು ಪಾಪವಲ್ಲ. ಅಲುಗಾಡದೆ ಒಂದೇ ಕಡೆ ಗಂಟೆಗಟ್ಟಲೆ ಇರುವುದು ತೊಂದರೆ.

ದುಡ್ಡು ಕೊಡಬಹುದಾ ಎಂದಿರಿ. ಡೆನ್ಮಾರ್ಕ್ ಮತ್ತು ನಾರ್ವೆಯಲ್ಲಿ ಸೆಲ್ಫ್‌ಬ್ಯಾಕ್ ಎಂಬ ಆ್ಯಪ್ ಅನ್ನು ಸೊಂಟ ನೋವಿನ 461 ಜನರ ಮೇಲೆ ಸರಿಯಾಗಿ ಪರೀಕ್ಷೆ ಮಾಡಿದರು. ಫಲಿತಾಂಶ 2021ರಲ್ಲಿ ಬಂತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಆ್ಯಪ್ ಬಳಸಿದವರಲ್ಲಿ ಮೂರು ತಿಂಗಳಿಗೆ 52% ಜನ ಗಣನೀಯವಾಗಿ ಸುಧಾರಿಸಿದರು. ಆ್ಯಪ್ ಇಲ್ಲದವರಲ್ಲಿ 39%. ಸರಾಸರಿ ವ್ಯತ್ಯಾಸ ಮಾತ್ರ, ನೋವಿನಿಂದ ದಿನದ ಕೆಲಸಕ್ಕೆ ಎಷ್ಟು ತೊಂದರೆ ಎಂದು ನೋಡುವ 24 ಅಂಕದ ಅಳತೆಯಲ್ಲಿ, ಒಂದು ಅಂಕಕ್ಕಿಂತ ಕಡಿಮೆ. ಅಂದರೆ ಉಪಯೋಗ ಇದೆ, ಪವಾಡ ಇಲ್ಲ. ಅದೂ ನಡಿಗೆ, ವ್ಯಾಯಾಮ, ತಿಳಿವಳಿಕೆ ಮೂರನ್ನೂ ವಾರವಾರ ನಿಮಗೆ ಹೊಂದಿಸಿ ಕೊಡುವ ಆ್ಯಪ್. ಪ್ಲೇ ಸ್ಟೋರ್‌ನಲ್ಲಿ ಸಿಗುವುದೆಲ್ಲ ಹಾಗಿರುವುದಿಲ್ಲ.

ಬೆಲ್ಟ್ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ತಂದಿತು. ವ್ಯಾಯಾಮ, ತಿಳಿವಳಿಕೆ ಕೊಡಿ ಎಂದಿದೆ. ಬೆಲ್ಟನ್ನು, ಎಳೆದು ಕಟ್ಟುವ ಟ್ರ್ಯಾಕ್ಷನ್ ಅನ್ನು ಮಾಮೂಲಾಗಿ ಕೊಡಬೇಡಿ ಎಂದಿದೆ. ಕೊಟ್ಟ ಡಾಕ್ಟರನ್ನೇ ಒಮ್ಮೆ ಕೇಳಿ, ಎಷ್ಟು ದಿನ ಹಾಕಬೇಕು ಅಂತ. ಅದೇ ಅಭ್ಯಾಸ ಆಗುವುದು ಬೇಡ.

ಸೂರ್ಯನಮಸ್ಕಾರ ಹೇಳಿದ ಅಕ್ಕನ ಮಾತನ್ನು ನಾನು ತೆಗೆದುಹಾಕುವುದಿಲ್ಲ. ಆದರೆ ಟೇಬಲ್ ಹಿಡಿದು ಏಳುತ್ತಿರುವವರು ಮೊದಲ ದಿನವೇ ಹನ್ನೆರಡು ಹಾಕುವುದು ಬೇಡ. ಅತ್ತೆಯವರು ಬಗ್ಗುತ್ತಾ ಬಂದದ್ದು ಐವತ್ತು ವರ್ಷದಿಂದ.

ಕೊನೆಗೆ ಒಂದು ಕೇಳುತ್ತೇನೆ. ಆ್ಯಪ್ ಇದನ್ನು ಕೇಳಿರುವುದಿಲ್ಲ. ನೀವು ಟೈಪ್ ಮಾಡುವಾಗ ಕಾಪಿ, ಅಂದರೆ ನೋಡಿಕೊಂಡು ಹೊಡೆಯುವ ಹಾಳೆ, ಎಲ್ಲಿ ಇಟ್ಟುಕೊಳ್ಳುತ್ತೀರಿ?

ಗದಗ ಡಿಟಿಪಿ

ಸರ್, ನಿಮ್ಮ ಪ್ರಶ್ನೆಗಳಿಗೆಲ್ಲ ಇಲ್ಲ ಅಂತಲೇ ಉತ್ತರ. ಜೋಮು ಇಲ್ಲ, ಜ್ವರ ಇಲ್ಲ, ತೂಕ ಇಳಿದರೆ ಖುಷಿಯೇ ಪಡುತ್ತಿದ್ದೆ, ಅದೂ ಇಲ್ಲ.

ಕಾಪಿ ಇರುವುದು ಎಡಗಡೆ, ಟೇಬಲ್ ಮೇಲೆ ಅಂಗಾತ. ನೀವು ಕೇಳಿದ ಮೇಲೆ ಇವತ್ತು ಕೆಲಸದ ನಡುವೆ ನನ್ನನ್ನು ನಾನೇ ಗಮನಿಸಿದೆ. ಈಗ ಒಬ್ಬ ನಿವೃತ್ತ ಮೇಷ್ಟರ ಆತ್ಮಕಥೆ ಟೈಪ್ ಮಾಡುತ್ತಿದ್ದೇನೆ. ಅಕ್ಷರ ಸಣ್ಣ, ಮಾರ್ಜಿನ್‌ನಲ್ಲೆಲ್ಲ ಬಾಣದ ಗುರುತು ಹಾಕಿ ಸೇರಿಸಿದ ಸಾಲುಗಳು. ಒಂದು ಸಾಲು ಓದಲು ತಲೆ ಎಡಕ್ಕೆ ತಿರುಗಿ ಕೆಳಗೆ ಬಗ್ಗುತ್ತದೆ. ಸ್ಕ್ರೀನ್ ನೋಡಲು ಮತ್ತೆ ಎದುರಿಗೆ. ಅಕ್ಷರ ಬಿಡಿಸಲು ಬಾರದಿದ್ದರೆ ಎಡಕ್ಕೇ ತಿರುಗಿಕೊಂಡು ಅಲ್ಲೇ ನಿಂತುಬಿಡುತ್ತೇನೆ. ಬೆರಳು ಮಾತ್ರ ಓಡುತ್ತಿರುತ್ತದೆ. ನೋವಿರುವುದೂ ಎಡಕ್ಕೇ. ಮಾನಿಟರ್ ಬೇರೆ ಸಿಪಿಯು ಮೇಲೆ ಕೂತಿದೆ, ಅದನ್ನು ನೋಡಲು ಗಲ್ಲ ಮೇಲೆತ್ತಬೇಕು. ಅಂದರೆ ಕಾಪಿ ಪಾತಾಳದಲ್ಲಿ, ಸ್ಕ್ರೀನು ಆಕಾಶದಲ್ಲಿ.

ಕುರ್ಚಿ ಪ್ಲಾಸ್ಟಿಕ್‌ದು, ಕೈ ಇರುವಂಥದ್ದು. ಆ ಕೈಗಳು ಟೇಬಲ್‌ಗೆ ತಾಗುವುದರಿಂದ ಹತ್ತಿರ ಎಳೆದುಕೊಳ್ಳಲು ಬರುವುದಿಲ್ಲ. ತುದಿಗೆ ಕೂತೇ ಟೈಪ್ ಮಾಡುವುದು. ಬೆನ್ನು ಕುರ್ಚಿಗೆ ಒರಗುವುದು ಊಟದ ಹೊತ್ತಿನಲ್ಲಿ ಮಾತ್ರ. ಮಾಲೀಕರಿಗೆ ಹೇಳಿ ಹೊಸ ಕುರ್ಚಿ ತರಿಸುವ ಮಾತು ಬೇರೆ, ಆದರೆ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಬೈಂಡಿಂಗ್‌ನವರು ಕೂರುವ, ಕೈ ಇಲ್ಲದ ಮರದ ಕುರ್ಚಿ ಇದೆ. ಅದನ್ನು ತರುತ್ತೇನೆ.

ಕಾಪಿಗೆ ಒಂದು ಉಪಾಯ ಹೊಳೆದಿದೆ. ನಮ್ಮ ಮಾವನವರು ಪುರಾಣ ಓದುತ್ತಿದ್ದ ವ್ಯಾಸಪೀಠ ಅಟ್ಟದ ಮೇಲಿದೆ. ಅವರು ಹೋದ ಮೇಲೆ ಯಾರೂ ಬಳಸಿಲ್ಲ. ಅದನ್ನು ಸ್ಕ್ರೀನಿನ ಮಗ್ಗುಲಲ್ಲೇ, ಅಷ್ಟೇ ಎತ್ತರಕ್ಕೆ ಇಡಲು ಬರುತ್ತದೆ ಅನಿಸುತ್ತದೆ. ಅತ್ತೆಯವರನ್ನು ಒಂದು ಮಾತು ಕೇಳಬೇಕು. ಮೇಷ್ಟರ ಆತ್ಮಕಥೆಯೂ ಒಂದು ರೀತಿ ಪುರಾಣವೇ ಅಲ್ವಾ, ಬೇಡ ಅನ್ನಲಿಕ್ಕಿಲ್ಲ.

ಇಷ್ಟಾದರೂ ನನ್ನ ಒಂದು ಪ್ರಶ್ನೆ ಉಳಿಯಿತು. ಆ್ಯಪ್ ಬಿಟ್ಟರೆ ವ್ಯಾಯಾಮ ಬಿಟ್ಟುಹೋಗುತ್ತದೆ. ಅದು ನೆನಪಿಸುತ್ತಿತ್ತು, ಅದಕ್ಕೇ ಮಾಡುತ್ತಿದ್ದೆ.

ಮ್ಯೂನಿಕ್ ಕನ್ನಡಿಗ

ಇಲ್ಲಿ ಜರ್ಮನಿಯಲ್ಲಿ ಇದಕ್ಕೊಂದು ಬೇರೆ ವ್ಯವಸ್ಥೆ ಇದೆ, ಹೇಳುತ್ತೇನೆ. 2020ರಿಂದ ಡಾಕ್ಟರು ಮಾತ್ರೆ ಬರೆದುಕೊಟ್ಟ ಹಾಗೆಯೇ ಆ್ಯಪ್ ಬರೆದುಕೊಡುತ್ತಾರೆ. ಆ ಚೀಟಿಯನ್ನು ವಿಮೆಯವರಿಗೆ ಕಳಿಸಿದರೆ ಒಂದು ಕೋಡ್ ಬರುತ್ತದೆ. ಅದನ್ನು ಆ್ಯಪ್‌ನಲ್ಲಿ ಹಾಕಿದರೆ 90 ದಿನ ತೆರೆದುಕೊಳ್ಳುತ್ತದೆ, ದುಡ್ಡು ವಿಮೆಯವರದ್ದು. ಯಾವ ಆ್ಯಪ್ ಬರೆಯಬಹುದು ಎಂಬುದಕ್ಕೆ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆಯ ಪಟ್ಟಿ ಇದೆ. ಪುರಾವೆ ಸಾಲದಿದ್ದರೆ ತಾತ್ಕಾಲಿಕವಾಗಿ ಸೇರಿಸಿ, ಒಂದು ವರ್ಷದಲ್ಲಿ ತಂದು ತೋರಿಸಿ ಅನ್ನುತ್ತಾರೆ. ತೋರಿಸದಿದ್ದರೆ ಪಟ್ಟಿಯಿಂದ ಹೊರಗೆ.

ನನಗೆ ಸೊಂಟ ನೋವಿಗೆ ವಿವಿರಾ ಎಂಬುದನ್ನು ಬರೆದುಕೊಟ್ಟಿದ್ದರು. ಅದರಲ್ಲಿ ಕ್ಯಾಮೆರಾ ಗಿಮಿಕ್ ಇರಲಿಲ್ಲ. ದಿನಕ್ಕೆ ಕೆಲವೇ ವ್ಯಾಯಾಮ. ಮಾಡಿದ ಮೇಲೆ ನೋವಾಯಿತೇ, ಕಷ್ಟವಾಯಿತೇ ಎಂದು ಕೇಳುತ್ತದೆ. ಕಷ್ಟ ಎಂದರೆ ಸುಲಭದ್ದು ಕೊಡುತ್ತದೆ, ಸಲೀಸು ಎಂದರೆ ಒಂದು ಮೆಟ್ಟಿಲು ಏರಿಸುತ್ತದೆ. ನೋಡಲು ಬೋರು. ಕೆಲಸ ಮಾಡಿದ್ದು ಆ ಬೋರೇ ಇರಬೇಕು. ಮೀಟಿಂಗ್ ಶುರುವಾಗುವ ಮೊದಲು ಮುಗಿಸಿಬಿಡುತ್ತಿದ್ದೆ. ಕೋಡ್ ಮುಗಿದ ಮೇಲೆ ಮತ್ತೆ ಬರೆಸಿಕೊಳ್ಳಲಿಲ್ಲ, ವ್ಯಾಯಾಮ ಬಾಯಿಪಾಠ ಆಗಿತ್ತು.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಗೆಟ್‌ಯುಬೆಟರ್ ಎಂಬುದನ್ನು ಕೆಲವು ಕಡೆ ಪುಕ್ಕಟೆ ಕೊಡುತ್ತಾರೆ, ಅಲ್ಲಿರುವ ನನ್ನ ತಂಗಿ ಬಳಸುತ್ತಾಳೆ. ಊರಲ್ಲಿ ಅಮ್ಮನಿಗೆ ಹಾಕಿಕೊಡೋಣವೆಂದು ಹುಡುಕಿದಾಗ ನಾನೂ ಸಪ್ಪಗಾದೆ. ಪ್ಲೇ ಸ್ಟೋರ್‌ನಲ್ಲಿ ಆ ಥರದ ಜರಡಿ ಇಲ್ಲ. ನಾಲ್ಕೂವರೆ ಸ್ಟಾರ್ ಇದ್ದದ್ದನ್ನು ತೆರೆದರೆ ಅರ್ಧ ನಿಮಿಷಕ್ಕೊಂದು ಜಾಹೀರಾತು. ಅಮ್ಮ ಭುಜಂಗಾಸನದಲ್ಲಿ ಮಲಗಿಕೊಂಡೇ ಜಾಹೀರಾತು ಮುಗಿಯಲಿ ಎಂದು ಕಾಯುತ್ತಿದ್ದರು.

ತೀರ್ಥಹಳ್ಳಿ ಮೇಷ್ಟ್ರು

ತಂಗಿ, ನಾನು ಟೈಪ್ ಮಾಡಿಸುವ ಪೈಕಿ, ನೀನು ಹೇಳಿದ ಬಾಣದ ಗುರುತು ಓದಿ ನಗು ಬಂತು. ನಿನ್ನ ಮೇಷ್ಟರ ಪರವಾಗಿ ಕ್ಷಮೆ ಇರಲಿ.

ಕನ್ನಡದಲ್ಲಿ ಮಾತಾಡುವ ಆ್ಯಪ್ ಬೇಕು ಎಂದೆಯಲ್ಲ, ನನ್ನ ಫೋನಿನಲ್ಲಿ ಇದೆ. ನಾನೇ ಮಾಡಿಕೊಂಡದ್ದು. ಸೊಂಟ ಹಿಡಿದುಕೊಂಡಾಗ ಶಿವಮೊಗ್ಗದಲ್ಲಿ ಒಬ್ಬರು ಫಿಸಿಯೊಥೆರಪಿ ಹುಡುಗಿ ಐದು ವ್ಯಾಯಾಮ ಹೇಳಿಕೊಟ್ಟಳು. ಮನೆಗೆ ಬರುವಷ್ಟರಲ್ಲಿ ಎರಡು ಮರೆತಿತ್ತು. ಮುಂದಿನ ಸಲ ಹೋದಾಗ ಅವಳನ್ನೇ ಕೇಳಿ, ನಾನು ಮಾಡುವುದನ್ನು ನನ್ನ ಹೆಂಡತಿ ಕೈಲಿ ವಿಡಿಯೋ ತೆಗೆಸಿದೆ. ಹುಡುಗಿಯ ಮಾತೂ ಅದರಲ್ಲಿ ಬಂದಿದೆ. "ಸರ್, ಉಸಿರು ಹಿಡೀಬೇಡಿ, ಆ ಎಡಗಾಲು ಅಲ್ಲ, ಇನ್ನೊಂದು, ಹ್ಞಾಂ." ದಿನಾ ಅದನ್ನೇ ಹಾಕಿಕೊಂಡು ಮಾಡುತ್ತೇನೆ. ತಪ್ಪು ಎಲ್ಲಿ ಮಾಡುತ್ತೇನೋ ಅಲ್ಲೇ ಬೈಗುಳ ಬರುತ್ತದೆ. ಇದಕ್ಕಿಂತ ನನಗೆ ಹೊಂದುವ ಆ್ಯಪ್ ಯಾವ ಕಂಪನಿ ಮಾಡೀತು?

ನೆನಪಿಸಲು ಅಲಾರಂ ಸಾಕು. ಫೋನಿನ ಅಲಾರಂಗೆ ಹೆಸರು ಇಡಲು ಬರುತ್ತದೆ, "ಏಳೋ ಮಾರಾಯ" ಎಂದು ಇಟ್ಟಿದ್ದೇನೆ.

ಇನ್ನು ಹೆಜ್ಜೆ ಎಣಿಸುವುದು. ಫೋನಿನಲ್ಲೇ ಇರುತ್ತದೆ, ದುಡ್ಡಿಲ್ಲ. ಅದು ಜೇಬಿನಲ್ಲಿ ಅಲುಗಾಡಿದ್ದನ್ನು ಎಣಿಸುತ್ತದೆ ಅಷ್ಟೇ. ಮಲೆನಾಡಿನ ಗುಡ್ಡ ಹತ್ತಿದ್ದಕ್ಕೂ ಪೇಟೆಯಲ್ಲಿ ಸುತ್ತಿದ್ದಕ್ಕೂ ಒಂದೇ ಲೆಕ್ಕ. ಆದರೂ ಸಂಜೆ ಆ ಅಂಕಿ ಕಡಿಮೆ ಕಂಡರೆ ತುಂಗೆಯ ದಡದವರೆಗೆ ಹೋಗಿ ಬರುತ್ತೇನೆ. ಮಕ್ಕಳಿಗೆ ಮಾರ್ಕ್ಸ್ ಹಾಕಿ ಹಾಕಿ ನನಗೂ ಮಾರ್ಕ್ಸಿನ ಚಟ ಹತ್ತಿರಬೇಕು.

ಹುಬ್ಬಳ್ಳಿ ಫಿಸಿಯೊ

ಮೇಷ್ಟ್ರೇ, ನಿಮ್ಮ ಉಪಾಯವನ್ನು ನಾಳೆಯಿಂದ ನಮ್ಮ ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಹೇಳುತ್ತೇನೆ. ರೋಗಿಗಳು ಕೇಳಲು ಸಂಕೋಚ ಪಡುತ್ತಾರೆ, ಕೇಳಿದರೆ ಬೇಡ ಎನ್ನುವ ಫಿಸಿಯೊ ಕಡಿಮೆ.

ನಡಿಗೆ ಬಗ್ಗೆ ನಿಮ್ಮ ಮಾತಿಗೆ ಬಲ ಇದೆ. ಆಸ್ಟ್ರೇಲಿಯಾದಲ್ಲಿ ಸೊಂಟ ನೋವು ಬಂದು ಆಗಷ್ಟೇ ವಾಸಿಯಾದ 701 ಜನರನ್ನು ತೆಗೆದುಕೊಂಡು, ಅರ್ಧ ಜನರಿಗೆ ಫಿಸಿಯೊ ಸಲಹೆಯೊಂದಿಗೆ ನಿಧಾನಕ್ಕೆ ಹೆಚ್ಚಿಸುವ ನಡಿಗೆ ಕೊಟ್ಟರು. 2024ರಲ್ಲಿ ಪ್ರಕಟವಾಯಿತು. ನಡೆದವರಿಗೆ ನೋವು ಮರಳಲು ಹಿಡಿದದ್ದು ಸುಮಾರು 208 ದಿನ, ನಡೆಯದವರಿಗೆ 112. ಗುರಿ ಇದ್ದದ್ದು ವಾರಕ್ಕೆ ಐದು ದಿನ, ಅರ್ಧ ಗಂಟೆ. ಹತ್ತು ಸಾವಿರ ಹೆಜ್ಜೆ ಆಗಲೇಬೇಕು ಅಂತೇನಿಲ್ಲ.

ಅಕ್ಕ, ಕಾಪಿ ಪಾತಾಳ, ಸ್ಕ್ರೀನ್ ಆಕಾಶ ಎಂದಿರಲ್ಲ, ಅರ್ಧ ರೋಗ ನೀವೇ ಹೇಳಿದಿರಿ. ಸಿಪಿಯು ಕೆಳಗಿಳಿಸಿ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂದರೆ ಸಾಕು. ಕನ್ನಡಕ ಓದುವುದಕ್ಕೂ ದೂರಕ್ಕೂ ಒಂದೇ ಆಗಿದ್ದರೆ ಇನ್ನೂ ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಕೆಳಗಿನ ಗಾಜಿನಲ್ಲಿ ನೋಡಲು ಮತ್ತೆ ಗಲ್ಲ ಎತ್ತುತ್ತೀರಿ. ವ್ಯಾಸಪೀಠವನ್ನು ಒಂದು ವಾರ ಎಡಕ್ಕಿಟ್ಟರೆ ಮುಂದಿನ ವಾರ ಬಲಕ್ಕಿಡಿ.

ರಾತ್ರಿಯ ಆ ಸೊನ್ನೆಯಿಂದ ಹತ್ತರ ಪ್ರಶ್ನೆಯನ್ನು ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಿ. ಅದರ ಬದಲು ವಾರಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಬರೆಯಿರಿ: ಟೇಬಲ್ ಹಿಡಿಯದೆ ಎದ್ದೆನೇ? ಹಿಂದೆ ತಿರುಗಿ ನೋಡಲು ಆಯಿತೇ? ನೋವು ದಿನಕ್ಕೊಂದು ಅಂಕಿ ಹೇಳುತ್ತದೆ, ಮಾಡಲಾಗುವ ಕೆಲಸ ಅಷ್ಟು ಓಲಾಡುವುದಿಲ್ಲ.

ಬಸವನಗುಡಿ ಕೋಡರ್

ಆರೋಗ್ಯದ ಮಾತು ತಿಳಿದವರು ಹೇಳಿದ್ದಾರೆ. ನಾನು ಫೋನಿನ ಮಾತು ಹೇಳುತ್ತೇನೆ. ಅಕ್ಕ, ಆ ಏಳು ದಿನದ ಫ್ರೀ ಶುರು ಮಾಡುವಾಗ ಯುಪಿಐ ಅಥವಾ ಕಾರ್ಡ್ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಈಗಲೇ ನೋಡಿ. ಆ್ಯಪ್ ಡಿಲೀಟ್ ಮಾಡಿದರೆ ಚಂದಾ ನಿಲ್ಲುವುದಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ಪ್ಲೇ ಸ್ಟೋರ್ ತೆರೆದು ಮೇಲಿನ ಮೂಲೆಯ ನಿಮ್ಮ ಚಿತ್ರ ಒತ್ತಿ, ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ ಅಲ್ಲಿ ಕ್ಯಾನ್ಸಲ್ ಮಾಡಬೇಕು. ನೀವು ಬಳಸುವ ಯುಪಿಐ ಆ್ಯಪ್‌ನಲ್ಲೂ ಆಟೋಪೇ ಎಂಬ ಜಾಗ ಇರುತ್ತದೆ, ಅಲ್ಲಿ ಆ ಹೆಸರು ಕಂಡರೆ ಅದನ್ನೂ ನಿಲ್ಲಿಸಿ. ನಮ್ಮ ಅಪ್ಪನ ಅಕೌಂಟಿನಿಂದ ಇಂಥದ್ದೇ ಒಂದು ಯೋಗದ ಆ್ಯಪ್ ವರ್ಷದ ದುಡ್ಡು ಎಳೆದುಕೊಂಡಿತು. ಆ್ಯಪ್ ಫೋನಿನಿಂದ ಹೋಗಿ ಆಗಲೇ ಎಷ್ಟೋ ದಿನವಾಗಿತ್ತು. ಗ್ರಾಹಕ ಸೇವೆಗೆ ಬರೆದರೆ ಅಪ್ಪಿಕೊಳ್ಳುವಂಥ ಸಿಹಿ ಉತ್ತರ ಬಂತು, ದುಡ್ಡು ಬರಲಿಲ್ಲ.

ಕ್ಯಾಮೆರಾ ಅನುಮತಿಯನ್ನು "ಬಳಸುವಾಗ ಮಾತ್ರ" ಎಂದು ಇಡಿ. ಬೆನ್ನು ನೋವಿನ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಯಾಕೆ ಬೇಕು? ಕೇಳಿದರೆ ಕೊಡಬೇಡಿ. ವಿಡಿಯೋ ಫೋನಿನಲ್ಲೇ ಇರುತ್ತದೋ ಅವರ ಸರ್ವರ್‌ಗೆ ಹೋಗುತ್ತದೋ ಎಂದು ಪ್ರೈವಸಿ ಪಾಲಿಸಿಯಲ್ಲಿ ನೋಡಬೇಕು. ಚುಕ್ಕಿ ಇಡುವ ಕೆಲಸ ಇವತ್ತಿನ ಫೋನುಗಳಲ್ಲಿ ಇಂಟರ್ನೆಟ್ ಇಲ್ಲದೆಯೂ ಆಗುತ್ತದೆ. ಒಂದು ಸುಲಭ ಪರೀಕ್ಷೆ: ಡೇಟಾ ಮತ್ತು ವೈಫೈ ಆಫ್ ಮಾಡಿ ವ್ಯಾಯಾಮ ಶುರು ಮಾಡಿ. ಆಗಲೂ ಚುಕ್ಕಿ ಬಂದರೆ ಲೆಕ್ಕ ಫೋನಿನಲ್ಲೇ ಆಗುತ್ತಿದೆ. ಆಮೇಲೆ ಕಳಿಸುವುದಿಲ್ಲ ಎಂಬ ಗ್ಯಾರಂಟಿ ಇದರಿಂದ ಸಿಗುವುದಿಲ್ಲ, ಅಷ್ಟು ಮಾತ್ರ ನೆನಪಿರಲಿ. ನಮ್ಮಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾಯ್ದೆ ಆಗಿದೆ, ನಿಮ್ಮ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕು ಅದರಲ್ಲಿದೆ. ಆದರೆ ನೈಟಿಯಲ್ಲಿ ವ್ಯಾಯಾಮ ಮಾಡುವ ವಿಡಿಯೋ ಹೊರಗೆ ಹೋದ ಮೇಲೆ ಕಾಯ್ದೆ ಹುಡುಕುವುದಕ್ಕಿಂತ ಮೊದಲೇ ಹುಷಾರಾಗಿರುವುದು ವಾಸಿ, ಅಲ್ವಾ?

ಗದಗ ಡಿಟಿಪಿ

ಕೋಡರ್ ತಮ್ಮಾ, ನಿನ್ನ ಮಾತು ಓದಿದ ಕೂಡಲೇ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನ ಯುಪಿಐಯಿಂದಲೇ ಆಟೋಪೇ ಹಾಕಿದ್ದನಂತೆ. ಫ್ರೀ ಮುಗಿಯುವ ಹಿಂದಿನ ದಿನವೇ ನಿಲ್ಲಿಸಿದ್ದಾನೆ. ಹುಡುಗ ಜಾಣ.

ಹಾಗಾಗಿ ದುಡ್ಡು ಕೊಡುವುದಿಲ್ಲ ಎಂದು ತೀರ್ಮಾನ ಮಾಡಿದೆ. ಸಿಪಿಯು ಕೆಳಗಿಳಿದಿದೆ. ಮರದ ಕುರ್ಚಿ ಬಂದಿದೆ, ಬೈಂಡಿಂಗ್‌ನ ಅಜ್ಜನಿಗೆ ನನ್ನ ಪ್ಲಾಸ್ಟಿಕ್ ಕುರ್ಚಿ ಹೋಗಿದೆ, ಅವರಿಗೆ ಕೈ ಇರುವುದೇ ಇಷ್ಟವಂತೆ. ವ್ಯಾಸಪೀಠಕ್ಕೆ ಅತ್ತೆ ಒಪ್ಪಿದರು. ಆದರೆ ಅದರ ಮೇಲೆ ಲಗ್ನಪತ್ರಿಕೆ ಇಡಬಹುದು, ಚುನಾವಣೆಯ ಕರಪತ್ರ ಇಡಬಾರದು ಎಂದು ಷರತ್ತು ಹಾಕಿದ್ದಾರೆ. ಇಲ್ಲೇ ಒಬ್ಬ ಫಿಸಿಯೊ ಹತ್ತಿರ ಶನಿವಾರ ಹೋಗುತ್ತಿದ್ದೇನೆ, ಮೇಷ್ಟರು ಹೇಳಿದ ಹಾಗೆ ವಿಡಿಯೋ ಮಾಡಿಸಿಕೊಂಡು ಬರುತ್ತೇನೆ.

ಅಲ್ಲಿಯವರೆಗೆ ಆ ಆ್ಯಪ್‌ನಲ್ಲಿ ಕಲಿತದ್ದನ್ನೇ ಮಾಡಬಹುದಾ ಸರ್? ನಾಲ್ಕು ಕಾಲೂರಿ ಎದುರು ಬದುರಿನ ಕೈಕಾಲು ಚಾಚುವುದು ಮಾಡುವಾಗ ಟೊಂಕದಲ್ಲಿ ಸ್ವಲ್ಪ ಹಿಡಿದಂತಾಗುತ್ತದೆ. ನಿಲ್ಲಿಸಬೇಕಾ?

ಹುಬ್ಬಳ್ಳಿ ಫಿಸಿಯೊ

ಮಾಡುವಾಗ ಸ್ವಲ್ಪ ಹಿಡಿದು, ಮುಗಿಸಿದ ಮೇಲೆ ಬಿಟ್ಟುಹೋಗಿ, ಮರುದಿನ ಬೆಳಿಗ್ಗೆ ಎಂದಿನಂತಿದ್ದರೆ ಮುಂದುವರಿಸಿ. ಬೆಳಿಗ್ಗೆ ಜಾಸ್ತಿ ಆಗಿದ್ದರೆ ಎಷ್ಟು ಸಲ ಮಾಡುತ್ತೀರೋ ಅದನ್ನು ಅರ್ಧ ಮಾಡಿ, ಅಥವಾ ಸದ್ಯಕ್ಕೆ ಕಾಲು ಮಾತ್ರ ಚಾಚಿ, ಕೈ ನೆಲದಲ್ಲೇ ಇರಲಿ. ನೋವು ಪೃಷ್ಠದಿಂದ ಕಾಲಿನ ಕೆಳಕ್ಕೆ, ಅಥವಾ ಕುತ್ತಿಗೆಯಿಂದ ಕೈಗೆ ಇಳಿಯಲು ಶುರುವಾದರೆ ನಿಲ್ಲಿಸಿ, ಶನಿವಾರ ಅದನ್ನೇ ಮೊದಲು ಹೇಳಿ.

ಮತ್ತೆ, ಫೋನನ್ನು ಗೋಡೆಗೆ ಒರಗಿಸಬೇಡಿ. ನೆಲದ ಮೇಲೆ, ನಿಮ್ಮ ಮೂಗಿನ ಕೆಳಗೆ ಜಮಖಾನೆಯ ಮೇಲಿಡಿ. ತಲೆ ಎತ್ತಿ ನೋಡುವ ಕೆಲಸ ತಪ್ಪುತ್ತದೆ.